ಗಾಯದ ಬೆಲೆಯನ್ನು ಯಂತ್ರ ಕಟ್ಟುವಾಗ

(ಹಾಸನದಲ್ಲಿ ನಡೆದ ಕಾನೂನು ಮಾಹಿತಿ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣದ ಬರಹರೂಪ)



ವಾಹನ ಅಪಘಾತದಲ್ಲಿ ಗಾಯಗೊಂಡವರಿಗೆ ಸಿಗಬೇಕಾದ ಪರಿಹಾರದ ಬಗ್ಗೆ ಮಾತನಾಡಲು ನನಗೆ ಸೂಚಿಸಲಾಗಿದೆ. ಕಾನೂನಿನ ಕಲಮುಗಳನ್ನು ಓದುವುದಕ್ಕೆ ಮೊದಲು ಒಬ್ಬ ಮಹಿಳೆಯ ಪ್ರಕರಣವನ್ನು ತಮ್ಮ ಮುಂದಿಡುತ್ತೇನೆ. ಆಕೆ ಅರಕಲಗೂಡು ತಾಲೂಕಿನವರು. ಹೊಗೆಸೊಪ್ಪಿನ ಕಾಲದಲ್ಲಿ ಬ್ಯಾರನ್‌ಗಳ ಬಳಿ ಸೊಪ್ಪನ್ನು ಕಡ್ಡಿಗೆ ಕಟ್ಟುವುದು, ಒಣಗಿದ್ದನ್ನು ದರ್ಜೆಯಂತೆ ವಿಂಗಡಿಸುವುದು ಅವರ ಕೆಲಸ. ಉಳಿದ ತಿಂಗಳುಗಳಲ್ಲಿ ಆಲೂಗಡ್ಡೆ, ಶುಂಠಿ ಹೊಲಗಳಲ್ಲಿ ಕೂಲಿ. 2016ರಲ್ಲಿ ರಸ್ತೆಬದಿ ನಡೆದುಹೋಗುತ್ತಿದ್ದಾಗ ಕಾರೊಂದು ಬಡಿದು ಬಲಗಾಲಿನ ಕೀಲು ಮುರಿಯಿತು. ಆಗ ಅವರಿಗೆ ಮೂವತ್ತೆಂಟು ವರ್ಷ. ಆಸ್ಪತ್ರೆಯ ಚೀಟಿಯಲ್ಲಿ ಯಾರೋ 'ಉದ್ಯೋಗ: ಗೃಹಿಣಿ' ಎಂದು ಬರೆದರು. ಪೊಲೀಸ್ ಹೇಳಿಕೆಯಲ್ಲೂ ಅದೇ ಪದ ಬಂತು. ಆಕೆಯನ್ನು ಯಾರೂ ಕೇಳಲಿಲ್ಲ. ಜೊತೆಗಿದ್ದ ಗಂಡನೂ ತಿದ್ದಲಿಲ್ಲ.

ಲೋಕ ಅದಾಲತ್‌ನ ದಿನ ವಿಮಾ ಕಂಪೆನಿಯ ಪ್ರತಿನಿಧಿ ಒಂದು ಮುದ್ರಿತ ಹಾಳೆ ತಂದರು. ಭವಿಷ್ಯದ ದುಡಿಮೆಯ ನಷ್ಟಕ್ಕೆ 1,08,000 ರೂಪಾಯಿ ಎಂದು ಅದರಲ್ಲಿತ್ತು. "ಇದು ಕಂಪ್ಯೂಟರ್ ಲೆಕ್ಕ ಕಣಮ್ಮ, ಇದರಲ್ಲಿ ನಮ್ಮದೇನೂ ಇಲ್ಲ" ಎಂದರು. ಆಕೆ ಹೆಬ್ಬೆಟ್ಟು ಒತ್ತಲು ಸಿದ್ಧರಾಗಿದ್ದರು. ಕಂಪ್ಯೂಟರ್ ಹೇಳಿದ ಮೇಲೆ ಸುಳ್ಳಿರಲಾರದು ಎಂಬುದು ನಮ್ಮ ಜನರ ನಂಬಿಕೆ.

ಆ ಹಾಳೆಯ ಗುಣಾಕಾರದಲ್ಲಿ ತಪ್ಪೇನೂ ಇರಲಿಲ್ಲ. ಗೃಹಿಣಿಯೆಂದು ತಿಂಗಳಿಗೆ 5,000 ರೂಪಾಯಿ ಆದಾಯ ಹಿಡಿದಿದ್ದರು. ವರ್ಷಕ್ಕೆ 60,000. ಮೂವತ್ತಾರರಿಂದ ನಲವತ್ತರ ವಯಸ್ಸಿಗೆ ಗುಣಕ 15. ವೈದ್ಯರು ಕಾಲಿಗೆ 36 ಶೇಕಡಾ ಊನವೆಂದಿದ್ದರು. ಅದರ ಮೂರನೇ ಒಂದು ಪಾಲು, ಅಂದರೆ 12 ಶೇಕಡಾವನ್ನು ಇಡೀ ದೇಹಕ್ಕೆಂದು ಇಳಿಸಿಕೊಂಡರು. ಅರುವತ್ತು ಸಾವಿರವನ್ನು ಹದಿನೈದರಿಂದ ಗುಣಿಸಿ ಶೇಕಡಾ ಹನ್ನೆರಡು ತೆಗೆದರೆ 1,08,000 ಬಂದೇ ಬರುತ್ತದೆ.

ಆದರೆ ಯಂತ್ರಕ್ಕೆ ಉಣಿಸಿದ ಮೂರು ಸಂಗತಿಗಳ ಪೈಕಿ ಎರಡು ಸರಿಯಿರಲಿಲ್ಲ. ಆದಾಯದ ದಾಖಲೆಯಿಲ್ಲದವರಿಗಾಗಿ ನಮ್ಮ ರಾಜ್ಯದ ಕಾನೂನು ಸೇವೆಗಳ ಪ್ರಾಧಿಕಾರವು ವರ್ಷವಾರು ಕಾಲ್ಪನಿಕ ಆದಾಯದ ಪಟ್ಟಿಯೊಂದನ್ನು ಇಟ್ಟುಕೊಂಡಿದೆ. ಹೈಕೋರ್ಟ್ ಕೂಡಾ ಅದನ್ನು ಅನುಸರಿಸುತ್ತಾ ಬಂದಿದೆ. 2016ರ ಅಪಘಾತಕ್ಕೆ ಆ ಪಟ್ಟಿಯಲ್ಲಿರುವುದು 9,500 ರೂಪಾಯಿ. ಇಷ್ಟನ್ನು ಬದಲಿಸಿದರೆ ಅದೇ ಲೆಕ್ಕ 2,05,200ಕ್ಕೆ ಏರುತ್ತದೆ. ಇನ್ನು ದಿನವಿಡೀ ನಿಂತು, ಕುಕ್ಕರಗಾಲಿನಲ್ಲಿ ಕೂತು ದುಡಿಯುವ ಹೆಂಗಸಿಗೆ ಕೀಲು ಬಗ್ಗದಿದ್ದರೆ ಹೋಗುವುದು ಶೇಕಡಾ 12 ಮಾತ್ರವೇ? ಆಕೆಯ ದುಡಿಮೆಯಲ್ಲಿ ಶೇಕಡಾ 30 ಹೋಯಿತೆಂದು ಹಿಡಿದರೂ ಮೊತ್ತ 5,13,000. ಆಸ್ಪತ್ರೆಯ ವೆಚ್ಚ, ನೋವಿನ ಪರಿಹಾರ ಇವೆಲ್ಲ ಬೇರೆ. ಒಂದೇ ಕಾಲು, ಒಂದೇ ಯಂತ್ರ, ಮೂರು ಬೆಲೆ.

ಇಂತಹ ಲೆಕ್ಕದ ಅತ್ಯಂತ ಬಲಿತ ರೂಪವನ್ನು ಅಮೆರಿಕದಲ್ಲಿ ಕಾಣಬಹುದು. 'ಕೊಲೋಸಸ್' ಎಂಬ ತಂತ್ರಾಂಶ 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿ, ಮುಂದಿನ ದಶಕದಲ್ಲಿ ಅಮೆರಿಕದ ದೊಡ್ಡ ವಿಮಾ ಕಂಪೆನಿಗಳ ಕಚೇರಿ ಸೇರಿತು. ಕಂಪೆನಿಯ ನೌಕರ ಆಸ್ಪತ್ರೆಯ ಕಾಗದಗಳನ್ನು ನೋಡಿ ಒಂದೊಂದೇ ಪ್ರಶ್ನೆಗೆ ಉತ್ತರ ತುಂಬುತ್ತಾನೆ. ಪ್ರತಿ ಗಾಯಕ್ಕೂ ಅಂಕ ಬೀಳುತ್ತದೆ. ಆ ಪ್ರದೇಶದ ಹಳೆಯ ರಾಜಿಗಳ ಮೊತ್ತಕ್ಕೆ ಹೊಂದಿಸಿಟ್ಟ ಅಳತೆಯಿಂದ ಅಂಕಗಳು ಡಾಲರ್‌ಗಳಾಗುತ್ತವೆ. ವೈದ್ಯರು ಬರೆಯದ ನೋವಿಗೆ ಅಂಕವಿಲ್ಲ. ಮಗುವನ್ನು ಎತ್ತಿಕೊಳ್ಳಲಾಗುವುದಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ ಎಂದು ಗಾಯಾಳು ಎಷ್ಟು ಹೇಳಿದರೂ ಕಾಗದದಲ್ಲಿಲ್ಲದಿದ್ದರೆ ಯಂತ್ರದ ಪಾಲಿಗೆ ಅದು ನಡೆದೇ ಇಲ್ಲ. ಗಾಯಾಳುವಿನ ಹಿಂದೆ ವಕೀಲನಿದ್ದಾನೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಆಲ್‌ಸ್ಟೇಟ್ ಎಂಬ ಕಂಪೆನಿ ಇದನ್ನು ಬಳಸಿದ ರೀತಿಯ ಬಗ್ಗೆ ಹಲವು ರಾಜ್ಯಗಳ ವಿಮಾ ನಿಯಂತ್ರಕರು ತನಿಖೆ ನಡೆಸಿದರು. 2010ರಲ್ಲಿ ಕಂಪೆನಿ ಒಂದು ಕೋಟಿ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಎಲ್ಲರಿಗೂ ಕಡಿಮೆ ಹಣ ಕೊಡಲಾಯಿತೆಂದು ತನಿಖೆ ಹೇಳಲಿಲ್ಲ, ಇದನ್ನೂ ನಾವು ಪ್ರಾಮಾಣಿಕವಾಗಿ ಹೇಳಬೇಕು. ಆ ತಂತ್ರಾಂಶವನ್ನು ಎಲ್ಲೆಡೆ ಒಂದೇ ರೀತಿ ಹೊಂದಿಸಿರಲಿಲ್ಲ, ಅದರ ಮೇಲೆ ಸಾಕಷ್ಟು ಮೇಲ್ವಿಚಾರಣೆ ಇರಲಿಲ್ಲ ಎಂಬುದು ಆಕ್ಷೇಪವಾಗಿತ್ತು. ನಿಮ್ಮ ಗಾಯವನ್ನು ತಂತ್ರಾಂಶ ಅಳೆಯಬಹುದು ಎಂದು ಗಾಯಾಳುವಿಗೆ ತಿಳಿಸಲು ಕಂಪೆನಿ ಒಪ್ಪಿತು.

ನಮ್ಮ ದೇಶದಲ್ಲಿ ಕಂಪ್ಯೂಟರ್ ಬರುವುದಕ್ಕೆ ಮೊದಲೇ ಶಾಸನವೇ ಒಂದು ಯಂತ್ರವಾಗಿತ್ತು. 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ ಎರಡನೇ ಅನುಸೂಚಿ ದುಡಿಮೆಯಿಲ್ಲದವನ ಆದಾಯವನ್ನು ವರ್ಷಕ್ಕೆ 15,000 ಎಂದು ಹಿಡಿಯಿತು. ತೀವ್ರ ಗಾಯದ ನೋವಿಗೆ 5,000 ರೂಪಾಯಿ ನಿಗದಿ ಮಾಡಿತು. ಅಕ್ಕಿ, ಬೇಳೆ, ಬಸ್ಸಿನ ದರ ಎಲ್ಲವೂ ಏರಿದವು; ಆ ಕೋಷ್ಟಕ ಮಾತ್ರ 2018ರ ವರೆಗೆ ಇದ್ದಲ್ಲೇ ಇತ್ತು. ನೋವಿಗೆ ಐದು ಸಾವಿರ ಎಂದು ಇಪ್ಪತ್ನಾಲ್ಕು ವರ್ಷ ಕೂತಿದ್ದ ಕೋಷ್ಟಕದ ಬಗ್ಗೆ ಯಾವ ಪಕ್ಷವೂ ಒಂದು ಮೆರವಣಿಗೆ ಮಾಡಿದ ನೆನಪು ನನಗಿಲ್ಲ.

ನ್ಯಾಯಾಲಯಗಳು ಮಾತ್ರ ಸ್ವಲ್ಪ ಸ್ವಲ್ಪವಾಗಿ ಈ ಲೆಕ್ಕವನ್ನು ಮನುಷ್ಯನ ಕಡೆಗೆ ತಿರುಗಿಸಿದವು. 2009ರ ಸರಳಾ ವರ್ಮಾ ತೀರ್ಪು ಗುಣಕಗಳನ್ನು ದೇಶಕ್ಕೆಲ್ಲ ಒಂದೇ ಮಾಡಿತು. 2017ರ ಪ್ರಣಯ್ ಸೇಥಿ ತೀರ್ಪು ಸ್ವಂತ ದುಡಿಮೆಯವರ ಸಾವಿನ ಪ್ರಕರಣಗಳಲ್ಲೂ ಮುಂದೆ ಏರಬಹುದಾಗಿದ್ದ ಆದಾಯವನ್ನು ಸೇರಿಸಿತು. ನಲವತ್ತರೊಳಗಿನವರಿಗೆ ಇದು ಶೇಕಡಾ 40. ಬದುಕುಳಿದು ಅಂಗವಿಕಲರಾದವರಿಗೂ ಇದು ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾದುದು 2010ರ ಅಕ್ಟೋಬರ್‌ನಲ್ಲಿ ರಾಜ್ ಕುಮಾರ್ ಪ್ರಕರಣದಲ್ಲಿ ಬಂದ ತೀರ್ಪು. ಎಡಗೈ ಕಳೆದುಕೊಂಡ ಬಡಗಿ ಅಥವಾ ಚಾಲಕನ ಜೀವನೋಪಾಯ ಬಹುತೇಕ ಮುಗಿದಂತೆ. ಅದೇ ಕೈ ಕಳೆದುಕೊಂಡ ಸರಕಾರಿ ಗುಮಾಸ್ತನ ಸಂಬಳ ಉಳಿಯಬಹುದು. ಆದುದರಿಂದ ವೈದ್ಯರ ಶೇಕಡಾವಾರನ್ನೇ ದುಡಿಮೆಯ ನಷ್ಟವೆಂದು ಯಾಂತ್ರಿಕವಾಗಿ ಹಿಡಿಯಬಾರದು, ಆತ ಏನು ಕೆಲಸ ಮಾಡುತ್ತಿದ್ದ ಎಂದು ಮೊದಲು ಕೇಳಬೇಕು ಎಂದಿತು ನ್ಯಾಯಾಲಯ. ಚನ್ನರಾಯಪಟ್ಟಣದ ತೆಂಗಿನ ಮರವೇರುವವನ ಪಾದಕ್ಕೂ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವನ ಪಾದಕ್ಕೂ ಒಂದೇ ಶೇಕಡಾ ಎನ್ನುವ ಹಾಳೆ ನಿಮ್ಮ ಮುಂದೆ ಬಂದರೆ ಈ ತೀರ್ಪನ್ನು ನೆನಪಿಸಿ.

ಈಗ ವ್ಯವಸ್ಥೆ ಇನ್ನೂ ಚುರುಕಾಗಿದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನೂ 90 ದಿನದೊಳಗೆ ಸವಿವರ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ಮಾಹಿತಿಯೆಲ್ಲ ಇ-ಡಾರ್ ಎಂಬ ಗಣಕ ವ್ಯವಸ್ಥೆಗೆ ಹೋಗುತ್ತದೆ. ವಿಮಾ ಕಂಪೆನಿಯ ಅಧಿಕಾರಿ 30 ದಿನಗಳಲ್ಲಿ ರಾಜಿ ಮೊತ್ತವನ್ನು ಮುಂದಿಡಬಹುದು. ಬೇಗ ಹಣ ಸಿಗುವುದು ಒಳ್ಳೆಯದೇ. ಆದರೆ ಮೊದಲ ವಾರದ ತಪ್ಪು ಪದ ಈಗ ಮೊದಲಿಗಿಂತ ವೇಗವಾಗಿ ಓಡುತ್ತದೆ. ಆ ಮೊತ್ತವನ್ನು ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೆ ನ್ಯಾಯಮಂಡಳಿ ವಿಚಾರಣೆ ನಡೆಸುತ್ತದೆ. ಒಪ್ಪಿದರೆ ಪ್ರಕರಣ ಅಲ್ಲಿಗೆ ಮುಗಿಯಿತು. ಲೋಕ ಅದಾಲತ್‌ನ ತೀರ್ಮಾನದ ಮೇಲೆ ಮೇಲ್ಮನವಿಯೂ ಇಲ್ಲ. ಅರ್ಜಿಗೆ ಆರು ತಿಂಗಳ ಮಿತಿಯನ್ನು ಹೊಸ ಕಾನೂನು ಹಾಕಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೆ ಆ ನೆಚ್ಚಿಕೆಯಿಂದ ಯಾರೂ ಕಾದು ಕೂರಬೇಡಿ.

ಸರಕಾರ ಘೋಷಿಸುವ ನೆರವನ್ನೇ ಪರಿಹಾರವೆಂದು ತಿಳಿಯುವವರಿದ್ದಾರೆ. 2025ರ ಸೆಪ್ಟೆಂಬರ್ 12ರ ರಾತ್ರಿ ಇಲ್ಲೇ ನಮ್ಮ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಗೆ ಲಾರಿ ನುಗ್ಗಿ ಯುವಕರು ಸತ್ತರು. ಓದುತ್ತಿದ್ದ ಹುಡುಗರೂ ಅದರಲ್ಲಿದ್ದರು. ಸರಕಾರ ಕೊಟ್ಟದ್ದು ಸಾಂತ್ವನದ ಹಣ. ನ್ಯಾಯಮಂಡಳಿಯಲ್ಲಿ ಕೇಳುವ ಹಕ್ಕು ಅದರಿಂದ ಕಳೆದುಹೋಗುವುದಿಲ್ಲ.

ಇನ್ನೊಂದು ಮಾತನ್ನು ನಮ್ಮವರಿಗೇ ಹೇಳಬೇಕಾಗಿದೆ. ಅಪಘಾತವಾದ ಕೂಡಲೇ ಹೋಟೆಲಿನ ಮೇಜಿನ ಸುತ್ತ ಕೂತು, ಗಾಡಿಯ ಮಾಲಕನಿಂದ ಇಪ್ಪತ್ತು ಸಾವಿರ ಕೊಡಿಸಿ, "ಕೇಸು ಬೇಡ" ಎಂದು ಮುಗಿಸುವ ಹಿರಿಯರು ನಮ್ಮ ಜಮಾಅತ್‌ಗಳಲ್ಲೂ ಇದ್ದಾರೆ. ಅವರ ಉದ್ದೇಶ ಒಳ್ಳೆಯದಿರಬಹುದು. ಆದರೆ ಆರು ತಿಂಗಳ ಬಳಿಕ ಕಾಲಿನೊಳಗಿನ ಸರಳು ತೆಗೆಸಲು ಎರಡನೇ ಶಸ್ತ್ರಚಿಕಿತ್ಸೆಯ ಖರ್ಚು ಬಂದಾಗ ಆ ಮೇಜಿನಲ್ಲಿ ಯಾರೂ ಇರುವುದಿಲ್ಲ, ಪೊಲೀಸ್ ದಾಖಲೆಯೂ ಇರುವುದಿಲ್ಲ. ವಿಮಾ ಕಂಪೆನಿಯ ಯಂತ್ರಕ್ಕಿಂತ ಅಗ್ಗವಾಗಿ ನಾವೇ ಬೆಲೆ ಕಟ್ಟಿರುತ್ತೇವೆ.

ಆ ಅರಕಲಗೂಡಿನ ಸಹೋದರಿ ಅಂದು ಹೆಬ್ಬೆಟ್ಟು ಒತ್ತಲಿಲ್ಲ. ಬ್ಯಾರನ್‌ನ ಯಜಮಾನರು ತಮ್ಮ ಕೂಲಿ ಲೆಕ್ಕದ ನೋಟುಪುಸ್ತಕ ಹಿಡಿದು ಬಂದು ಸಾಕ್ಷಿ ನುಡಿದರು. ಪ್ರತಿ ಶನಿವಾರದ ಬಟವಾಡೆಯ ಮುಂದೆ ಆಕೆಯ ಹೆಸರಿತ್ತು, ಪೆನ್ಸಿಲಿನಲ್ಲಿ. ವೈದ್ಯರನ್ನು ಕರೆಸಿ, ಈ ಕಾಲಿನಲ್ಲಿ ಎಂಟು ಗಂಟೆ ನಿಲ್ಲಬಹುದೇ ಎಂದು ಒಂದೇ ಪ್ರಶ್ನೆ ಕೇಳಿದೆವು. ಇಲ್ಲ ಎಂದರು. ತೀರ್ಪಿನಲ್ಲಿ 'ಗೃಹಿಣಿ' ಎಂಬ ಪದದ ಜಾಗದಲ್ಲಿ 'ಕೂಲಿ ಕಾರ್ಮಿಕಳು' ಎಂದು ಬಂತು. ಮೊತ್ತವೂ ಅದಕ್ಕೆ ತಕ್ಕಂತೆ ಬದಲಾಯಿತು.

ಯಾರ ಬಳಿಯಾದರೂ ಇಂತಹ ಹಾಳೆಗಳಿದ್ದರೆ ಈಗ ತನ್ನಿ, ಕೂತು ನೋಡೋಣ. ಹೊಳೆನರಸೀಪುರ, ಅರಕಲಗೂಡಿನವರಿಗೆ ಬಸ್ಸಿನ ಹೊತ್ತಾಗುತ್ತಿದೆ, ಮೊದಲು ಅವರದನ್ನು ತೆಗೆದುಕೊಳ್ಳುತ್ತೇನೆ.