ಮನೆಯ ವ್ಯಾಯಾಮ ಯಂತ್ರ ಹತ್ತುವ ಮುನ್ನ

(ರೋಗಿಗಳು ಮತ್ತು ಅವರ ಮನೆಯವರಿಗಾಗಿ ನಮ್ಮ ಆಸ್ಪತ್ರೆಯಲ್ಲಿ ಪ್ರತಿ ತಿಂಗಳು ನಡೆಯುವ ಆರೋಗ್ಯ ಚಿಂತನ ಗೋಷ್ಠಿಯಲ್ಲಿ ಆಸ್ಪತ್ರೆಯ ವೈದ್ಯರು ನೀಡಿದ ಉಪನ್ಯಾಸದ ಬರಹರೂಪ)

ಕಳೆದ ತಿಂಗಳ ಗೋಷ್ಠಿ ಮುಗಿದ ಮೇಲೆ ಹೊರಗೆ ಪ್ರಸಾದಕ್ಕೆ ನಿಂತಿದ್ದಾಗ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಮಗ ಬೆಂಗಳೂರಿಂದ ಟ್ರೆಡ್‌ಮಿಲ್ ಕಳಿಸ್ಯಾನ್ರೀ ಡಾಕ್ಟರ, ದಿನಾ ಎಷ್ಟೊತ್ತು ಓಡ್ಬೇಕ್ರೀ?" ಅವರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ನಾನು, "ಯಜಮಾನ್ರ, ಓಡೋದು ಆಮೇಲಾಯ್ತು, ಮೊದಲು ನಾಳೆ ಬಂದು ಬಿ.ಪಿ. ತೋರಿಸ್ರಿ" ಎಂದೆ. ಅವರಿಗೆ ಸ್ವಲ್ಪ ಬೇಸರವಾಯಿತೆಂದು ಕಾಣುತ್ತದೆ. ಅವರ ಪ್ರಶ್ನೆಗೆ ಕೊಡಬೇಕಾಗಿದ್ದ ಪೂರ್ತಿ ಉತ್ತರವನ್ನು ಇವತ್ತು ಕೊಡುತ್ತೇನೆ.

ವ್ಯಾಯಾಮ ಒಳ್ಳೆಯದು ಎಂಬುದನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಒಂದು ಸಂಗತಿ ಕೇಳಿ. 1953ರಲ್ಲಿ ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಅಲ್ಲಿಯ ಎರಡಂತಸ್ತಿನ ಬಸ್ಸುಗಳ ನೌಕರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಚಾಲಕರು ದಿನವಿಡೀ ಕುಳಿತಿರುವವರು. ನಿರ್ವಾಹಕರು ಟಿಕೆಟ್ ಕೊಡುತ್ತಾ ಮೆಟ್ಟಿಲು ಹತ್ತಿ ಇಳಿಯುವವರು. ಬಸ್ಸು ಒಂದೇ, ಸಂಸ್ಥೆ ಒಂದೇ. ಆದರೆ ಹೃದಯದ ರಕ್ತನಾಳದ ಕಾಯಿಲೆ ಚಾಲಕರಿಗಿಂತ ನಿರ್ವಾಹಕರಲ್ಲಿ ಕಡಿಮೆ ಇತ್ತು. ನಮ್ಮ ಹಿರಿಯರು ಇದನ್ನು ಓದಿರಲಿಲ್ಲ, ಓದಬೇಕಾಗಿಯೂ ಇರಲಿಲ್ಲ. ಅವರ ಕಾಯಕದಲ್ಲೇ ನಡಿಗೆ, ಎತ್ತುವುದು, ಬಾಗುವುದು ಎಲ್ಲವೂ ಇತ್ತು. ಇಂದು ಕಾಯಕ ಕುರ್ಚಿಯ ಮೇಲೆ ಬಂದು ಕುಳಿತಿದೆ. ಆದ್ದರಿಂದ ಯಂತ್ರ ಮನೆಗೆ ಬಂದಿದೆ. ಅದು ತಪ್ಪೇನಲ್ಲ. ಮಳೆಗಾಲದಲ್ಲಿ, ಬೀದಿನಾಯಿಗಳ ಕಾಟವಿರುವ ಕಡೆ, ಹೊರಗೆ ಹೋಗಲು ಸಂಕೋಚಪಡುವ ತಾಯಂದಿರಿಗೆ ಅದು ದೊಡ್ಡ ಅನುಕೂಲ.

ಆದರೆ ಹಿಂದೆ ಗರಡಿಮನೆಯಲ್ಲಿ ಉಸ್ತಾದರು ಪಕ್ಕದಲ್ಲೇ ನಿಂತಿರುತ್ತಿದ್ದರು. ಹುಡುಗನ ಮುಖ ನೋಡಿ "ಸಾಕು, ಕೂತ್ಕೋ" ಎನ್ನುತ್ತಿದ್ದರು. ಮನೆಯ ಯಂತ್ರಕ್ಕೆ ಉಸ್ತಾದರಿಲ್ಲ. ನಿಮ್ಮ ವಯಸ್ಸು, ನೀವು ನುಂಗಿದ ಮಾತ್ರೆ, ನಿಮ್ಮ ಖಾಲಿ ಹೊಟ್ಟೆ ಇವು ಯಾವುವೂ ಅದಕ್ಕೆ ತಿಳಿಯುವುದಿಲ್ಲ. ನೀವೇ ತಿಳಿದುಕೊಂಡಿರಬೇಕು.

ನಮ್ಮಲ್ಲಿಗೆ ಬಂದಿದ್ದ ಒಬ್ಬ ರೋಗಿಯ ವಿಷಯ ಹೇಳುತ್ತೇನೆ. ನಿವೃತ್ತ ಶಿಕ್ಷಕರು, ಅರವತ್ತೈದರ ಆಸುಪಾಸು, ಬಹಳ ಶಿಸ್ತಿನ ಮನುಷ್ಯ. ಬೆಳಗಿನ ಜಾವ ಎದ್ದು, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ವ್ಯಾಯಾಮದ ಸೈಕಲ್ ತುಳಿದು, ಸ್ನಾನ ಮಾಡಿ, ಲಿಂಗಪೂಜೆಗೆ ಕೂಡುತ್ತಿದ್ದರು. ಪೂಜೆಯಾಗದೆ ಬಾಯಿಗೆ ಏನೂ ಹಾಕುವವರಲ್ಲ. ಒಂದು ದಿನ ಸೈಕಲ್ಲಿನ ಮೇಲೆಯೇ ಮೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬಂದು ಪಕ್ಕಕ್ಕೆ ವಾಲಿದರು. ಮಣಿಕಟ್ಟಿನ ಎಲುಬು ಮುರಿಯಿತು. ಮನೆಯವರು ಹೃದಯಾಘಾತವೆಂದು ತಿಳಿದು ಓಡಿಸಿಕೊಂಡು ತಂದರು. ನೋಡಿದರೆ ರಕ್ತದ ಸಕ್ಕರೆ ತೀರಾ ಕೆಳಗಿಳಿದಿತ್ತು. ಎಲುಬು ಕೂಡಿತು, ಅವರೂ ಗುಣವಾದರು. ಆದರೆ ಅದೇ ಸ್ಥಿತಿ ಓಡುತ್ತಿರುವ ಟ್ರೆಡ್‌ಮಿಲ್ಲಿನ ಮೇಲೆ ಬಂದಿದ್ದರೆ ತಲೆಗೆ ಪೆಟ್ಟಾಗುತ್ತಿತ್ತು.

ಅವರು ಮಾಡಿದ ತಪ್ಪು ಯಾವುದು? ವ್ಯಾಯಾಮ ತಪ್ಪಲ್ಲ, ಪೂಜೆ ತಪ್ಪಲ್ಲ, ಮಾತ್ರೆಯೂ ತಪ್ಪಲ್ಲ. ಅವುಗಳ ಸರದಿ ತಪ್ಪಿತ್ತು. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳು ಮತ್ತು ಇನ್ಸುಲಿನ್, ಹೊಟ್ಟೆಯಲ್ಲಿ ಆಹಾರ ಇದ್ದರೂ ಇಲ್ಲದಿದ್ದರೂ ಸಕ್ಕರೆಯನ್ನು ಇಳಿಸುತ್ತವೆ. ದುಡಿಯುವ ಸ್ನಾಯುಗಳೂ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಎರಡೂ ಕೂಡಿದಾಗ ಅಪಾಯ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಹೀಗಾಗುವುದು ಅಪರೂಪ. ನಿಮ್ಮ ಮಾತ್ರೆ ಯಾವುದೆಂದು ಗೊತ್ತಿಲ್ಲದಿದ್ದರೆ ಚೀಟಿ ತಂದು ತೋರಿಸಿ.

ಪೂಜೆಯನ್ನು ಅವಸರದಿಂದ ಮುಗಿಸಿರಿ ಎಂದು ನಾನು ಹೇಳುವುದಿಲ್ಲ. ಯಂತ್ರವನ್ನು ತಡವಾಗಿ ಹತ್ತಿರಿ ಎನ್ನುತ್ತೇನೆ. ಮೊದಲು ಸ್ನಾನ, ಪೂಜೆ. ಆಮೇಲೆ ವೈದ್ಯರು ಹೇಳಿದಂತೆ ಮಾತ್ರೆ ಮತ್ತು ಪ್ರಸಾದ. ಅದಾಗಿ ಒಂದೆರಡು ಗಂಟೆ ಕಳೆದ ಮೇಲೆ ವ್ಯಾಯಾಮ. ಬೆಳಿಗ್ಗೆ ಆಗದಿದ್ದರೆ ಸಂಜೆ ಮಾಡಿರಿ, ಲಾಭವೇನೂ ಕಡಿಮೆಯಾಗದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಹತ್ತುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಇನ್ಸುಲಿನ್ ಅಥವಾ ಮೇಲೆ ಹೇಳಿದ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ 90ಕ್ಕಿಂತ ಕೆಳಗಿದ್ದರೆ ಮೊದಲು ಏನಾದರೂ ತಿನ್ನಬೇಕು. 250ಕ್ಕಿಂತ ಮೇಲಿದ್ದು, ಮೈಯಲ್ಲಿ ಹುಷಾರಿಲ್ಲದಿದ್ದರೆ ಅಂದು ಬಿಟ್ಟು ನಮ್ಮನ್ನು ಕೇಳಿ. ಸೈಕಲ್ ತುಳಿಯುವ ಮುಂಚೆ ತೊಡೆಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಡಿ. ದುಡಿಯುವ ಕಾಲಿನಿಂದ ಅದು ಬೇಗ ರಕ್ತಕ್ಕೆ ಸೇರುತ್ತದೆ. ಯಂತ್ರದ ಪಕ್ಕದಲ್ಲಿ ಸಕ್ಕರೆ ಡಬ್ಬಿ ಇರಲಿ. ನಡುಕ, ಬೆವರು, ತಳಮಳ ಶುರುವಾದರೆ ಇಳಿದು ಕುಳಿತು ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ. ಕಾಲು ಗಂಟೆಯಾದ ಮೇಲೆ ಮತ್ತೆ ಪರೀಕ್ಷಿಸಿ. ಮನೆಯವರಿಗೆ ಒಂದು ಮಾತು: ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ರಕ್ತದೊತ್ತಡ 180/110ಕ್ಕಿಂತ ಮೇಲಿದ್ದರೆ ಅದು ಹತೋಟಿಗೆ ಬರುವವರೆಗೆ ಯಂತ್ರ ಹತ್ತುವಂತಿಲ್ಲ.

ಇನ್ನು ಟ್ರೆಡ್‌ಮಿಲ್. ನಮ್ಮಲ್ಲಿ ಎದೆನೋವಿಗೆ ಟಿ.ಎಂ.ಟಿ. ಪರೀಕ್ಷೆ ಮಾಡಿಸಿಕೊಂಡವರಿಗೆ ಇದರ ಪರಿಚಯವಿದೆ. ಅಮೆರಿಕದ ಸಿಯಾಟಲ್ ನಗರದ ಹೃದ್ರೋಗ ತಜ್ಞ ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಕ್ರಮವನ್ನೇ ಇಂದಿಗೂ ಬಹಳ ಕಡೆ ಅನುಸರಿಸುತ್ತಾರೆ. ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. "ಅಲ್ಲಿ ಒಂಬತ್ತು ನಿಮಿಷ ಓಡಿದೆ, ಮನೆಯಲ್ಲಿ ಯಾಕೆ ಆಗಬಾರದು?" ಎಂದು ಕೆಲವರು ವಾದಿಸುತ್ತಾರೆ. ಅಲ್ಲಿ ನಿಮ್ಮ ಎದೆಗೆ ಇ.ಸಿ.ಜಿ. ತಂತಿಗಳಿದ್ದವು, ತೋಳಿಗೆ ಬಿ.ಪಿ. ಪಟ್ಟಿ ಇತ್ತು, ಪಕ್ಕದಲ್ಲಿ ವೈದ್ಯರಿದ್ದರು. ಮನೆಯಲ್ಲಿ ಇರುವುದು ಗೋಡೆ ಗಡಿಯಾರ ಮಾತ್ರ. ಪರೀಕ್ಷೆ ಬೇರೆ, ದಿನನಿತ್ಯದ ವ್ಯಾಯಾಮ ಬೇರೆ.

ಹತ್ತುವಾಗ ಎರಡೂ ಬದಿಯ ಅಂಚಿನ ಮೇಲೆ ಕಾಲಿಟ್ಟು ನಿಂತು, ಯಂತ್ರ ಚಾಲೂ ಆದ ಮೇಲೆ ಪಟ್ಟಿಯ ಮೇಲೆ ಹೆಜ್ಜೆ ಇಡಿ. ಮೊದಲ ವಾರ ಗಂಟೆಗೆ 3 ಕಿಲೋಮೀಟರ್ ವೇಗ, ಹತ್ತು ನಿಮಿಷ, ಅಷ್ಟೇ. ಮೊದಲು ಅವಧಿ ಹೆಚ್ಚಿಸಿ, ವೇಗ ಆಮೇಲೆ. ಕೊನೆಯ ಐದು ನಿಮಿಷ ವೇಗ ಇಳಿಸುತ್ತಾ ಬನ್ನಿ. ಗಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಹೆಚ್ಚು. ದಾರ ಕಟ್ಟಿದ ಒಂದು ಕೆಂಪು ಕೀಲಿ ಯಂತ್ರದೊಂದಿಗೆ ಬಂದಿರುತ್ತದಲ್ಲ, ಅದರ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಳ್ಳಿ. ನೀವು ಹಿಂದಕ್ಕೆ ಜಾರಿದರೆ ಕೀಲಿ ಕಿತ್ತು ಬಂದು ಯಂತ್ರ ನಿಲ್ಲುತ್ತದೆ. ನಾನು ನೋಡಿದ ಅರ್ಧಕ್ಕರ್ಧ ಮನೆಗಳಲ್ಲಿ ಆ ದಾರವನ್ನು ಹಿಡಿಕೆಗೆ ಗಂಟು ಹಾಕಿಟ್ಟಿದ್ದರು! ಕರೆಂಟು ಹೋದರೂ ಪಟ್ಟಿ ತಟ್ಟನೆ ನಿಲ್ಲುತ್ತದೆ, ನೀವು ಮುಂದಕ್ಕೆ ಮುಗ್ಗರಿಸುತ್ತೀರಿ. ನಮ್ಮ ಕಡೆ ಕರೆಂಟಿನ ಭರವಸೆ ನಿಮಗೆ ಗೊತ್ತೇ ಇದೆ. ಹಿಡಿಕೆ ಕೈಗೆ ಸಿಗುವಷ್ಟು ಹತ್ತಿರದಲ್ಲೇ ನಡೆಯಿರಿ.

ಉಡುಪಿನ ಬಗ್ಗೆ ತಾಯಂದಿರು ದಯವಿಟ್ಟು ಗಮನಿಸಬೇಕು. ಸೀರೆಯ ನಿರಿಗೆ, ಸೆರಗು, ಉದ್ದನೆಯ ನೈಟಿ ಇವು ಪಟ್ಟಿಗೆ ಸಿಕ್ಕಿದರೆ ಎಳೆದು ಕೆಡವುತ್ತವೆ. ಗಂಡಸರ ಲುಂಗಿ, ಪಂಚೆಯೂ ಅಷ್ಟೇ. ಕೊರಳಲ್ಲಿ ಕರಡಿಗೆ ಇರುವವರು ಶಿವದಾರವನ್ನು ಗಿಡ್ಡ ಮಾಡಿಕೊಂಡು ಅಂಗಿಯೊಳಗೆ ಸೇರಿಸಿಕೊಳ್ಳಿ, ತೂಗಾಡುತ್ತಾ ಎದೆಗೆ ಬಡಿಯಬಾರದು, ಹಿಡಿಕೆಗೂ ಸಿಗಬಾರದು. ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಹತ್ತಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಬೂಟಿನೊಳಗಿನ ಒಂದು ಸಣ್ಣ ಹರಳೂ ತಿಳಿಯುವುದಿಲ್ಲ. ಸಂಜೆ ಸಾಕ್ಸ್ ಬಿಚ್ಚಿದಾಗ ಗಾಯ ಕಾಣುತ್ತದೆ. ಬೂಟು ಹಾಕುವ ಮೊದಲು ಒಳಗೆ ಕೈಯಾಡಿಸಿ, ಬಿಚ್ಚಿದ ಮೇಲೆ ಅಂಗಾಲು ನೋಡಿಕೊಳ್ಳಿ. ಬಾಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟುಕೊಂಡು ನೋಡಿ.

ಯಂತ್ರದ ಹಿಂದೆ ಆರು ಅಡಿ ಜಾಗ ಖಾಲಿ ಇರಬೇಕು. ಗೋಡೆಗೆ ಬೆನ್ನು ಮಾಡಿ ಇಟ್ಟರೆ ಬಿದ್ದವರು ಗೋಡೆಗೂ ಪಟ್ಟಿಗೂ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮಕ್ಕಳ ವಿಷಯದಲ್ಲಂತೂ ಕಟ್ಟುನಿಟ್ಟಾಗಿರಿ. ಅಮೆರಿಕದಲ್ಲಿ 2021ರಲ್ಲಿ ಒಂದು ಕಂಪನಿ ಸುಮಾರು 1,25,000 ಟ್ರೆಡ್‌ಮಿಲ್‌ಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಆರು ವರ್ಷದ ಮಗುವೊಂದು ಯಂತ್ರದ ಕೆಳಗೆ ಸೆಳೆಯಲ್ಪಟ್ಟು ತೀರಿಕೊಂಡಿತ್ತು. ಓಡುವ ಪಟ್ಟಿಗೆ ಪುಟ್ಟ ಕೈ ತಾಗಿದರೆ ಚರ್ಮ ಸುಟ್ಟಂತೆ ಕಿತ್ತುಬರುತ್ತದೆ. ರಜೆಗೆ ಮೊಮ್ಮಕ್ಕಳು ಬಂದಾಗ ಪ್ಲಗ್ ಕಿತ್ತು, ಕೀಲಿಯನ್ನು ಮೇಲಿನ ಮಾಡದಲ್ಲಿಡಿ.

ಪಟ್ಟಿಗೆ ಎಣ್ಣೆ ಬಿಡುವುದಿದ್ದರೆ ಅದಕ್ಕೆಂದೇ ಸಿಗುವ ಸಿಲಿಕೋನ್ ಎಣ್ಣೆಯನ್ನೇ ಬಳಸಿ. ಒಬ್ಬರು ಕೊಬ್ಬರಿ ಎಣ್ಣೆ ಬಿಟ್ಟು, ಯಂತ್ರ ಕೆಟ್ಟುದಲ್ಲದೆ ತಾವೂ ಜಾರಿ ಬಿದ್ದು ಬಂದಿದ್ದರು.

ಮಂಡಿನೋವಿನವರಿಗೆ, ತೂಕ ಹೆಚ್ಚಿರುವವರಿಗೆ ನಾನು ಸಾಮಾನ್ಯವಾಗಿ ಸೈಕಲ್ಲನ್ನೇ ಸೂಚಿಸುತ್ತೇನೆ. ಮೈಭಾರವನ್ನು ಸೀಟು ಹೊರುತ್ತದೆ. ಆದರೆ ಸೀಟಿನ ಎತ್ತರ ಸರಿಯಿಲ್ಲದಿದ್ದರೆ ಮಂಡಿನೋವು ಹೆಚ್ಚುತ್ತದೆ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟು ನೋಡಿ, ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ. ಇದು ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದದು. ಗಂಡ ಇಳಿದ ಮೇಲೆ ಹೆಂಡತಿ ಸೀಟು ಇಳಿಸಿಕೊಂಡೇ ಹತ್ತಬೇಕು. ಬಿಗಿ ಕಡಿಮೆ ಇರಲಿ.

ತೂಕ ಎತ್ತುವುದು ಹುಡುಗರ ಕೆಲಸ ಎಂದು ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಾರಕ್ಕೆ 150 ನಿಮಿಷದ ಸಾಧಾರಣ ವ್ಯಾಯಾಮದ ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ ಬೇಕು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಬರುವ ಎಷ್ಟೋ ತಾಯಂದಿರ ತೊಡೆಯಲ್ಲಿ ಬಲವೇ ಉಳಿದಿರುವುದಿಲ್ಲ. ಡಂಬೆಲ್ ಕೊಳ್ಳಬೇಕಾಗಿಲ್ಲ, ಒಂದು ಲೀಟರಿನ ನೀರಿನ ಬಾಟಲಿ ಒಂದು ಕಿಲೋ. ಹತ್ತು ಹನ್ನೆರಡು ಸಲ ಎತ್ತಿ ಇಳಿಸಿ, ಮಾರನೆ ದಿನ ಆ ಸ್ನಾಯುವಿಗೆ ಬಿಡುವು ಕೊಡಿ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ತೆಗೆದುಕೊಳ್ಳಬೇಕು. ಉಸಿರು ಬಿಗಿಹಿಡಿದು ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಜಿಗಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಕೆಟ್ಟವರು ಕಣ್ಣಿನ ವೈದ್ಯರನ್ನು ಕೇಳದೆ ಭಾರ ಎತ್ತಲೇಬಾರದು, ಕಣ್ಣೊಳಗೆ ರಕ್ತ ಸೋರಬಹುದು. ರಬ್ಬರ್ ಪಟ್ಟಿ ಬಳಸುವವರು ಬಿರುಕು ಇದೆಯೇ ನೋಡಿಕೊಳ್ಳಿ. ಕಿತ್ತು ಮುಖಕ್ಕೆ ಬಡಿದರೆ ಕಣ್ಣಿಗೆ ಅಪಾಯ.

ಟಿ.ವಿ.ಯಲ್ಲಿ ತೋರಿಸುವ, ಸೊಂಟಕ್ಕೆ ಕಟ್ಟಿದರೆ ಹೊಟ್ಟೆ ಕರಗಿಸುತ್ತದೆನ್ನುವ ಬೆಲ್ಟಿನ ಬಗ್ಗೆ ಕೇಳುತ್ತೀರಿ. ಬೆವರಿನಲ್ಲಿ ಹೋಗುವುದು ನೀರು, ಕೊಬ್ಬಲ್ಲ. ಆ ದುಡ್ಡಿಗೆ ಒಂದು ಜೊತೆ ಒಳ್ಳೆಯ ಬೂಟು ಕೊಳ್ಳಿ.

ಯಂತ್ರದ ಮೇಲೆ ಮಿನುಗುವ ಅಂಕಿಗಳ ಬಗ್ಗೆ ಒಂದು ಮಾತು. 220ರಲ್ಲಿ ವಯಸ್ಸನ್ನು ಕಳೆದು ನಾಡಿಬಡಿತದ ಮಿತಿ ಹೇಳುವ ಲೆಕ್ಕ ಸರಾಸರಿಯ ಅಂದಾಜು ಮಾತ್ರ. ಮೆಟೊಪ್ರೊಲಾಲ್, ಅಟೆನೊಲಾಲ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಅದು ಹೊಂದುವುದೇ ಇಲ್ಲ. ಆ ಮಾತ್ರೆಗಳು ನಾಡಿಯನ್ನು ಏರಗೊಡುವುದಿಲ್ಲ. ಅಂಕಿ ಮುಟ್ಟಲಿಲ್ಲವೆಂದು ವೇಗ ಹೆಚ್ಚಿಸುತ್ತಾ ಹೋದವರು ದಣಿದು ಬೀಳುತ್ತಾರೆ. ಮಾತೇ ನಿಮ್ಮ ಅಳತೆಗೋಲು. ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಹಾಡಬಲ್ಲಿರಾದರೆ ಸ್ವಲ್ಪ ಜೋರು ಮಾಡಿ. ಎರಡು ಮಾತಿಗೆ ಏದುಸಿರು ಬಂದರೆ ಇಳಿಸಿ.

ಎದೆಯಲ್ಲಿ ಬಿಗಿತ ಅಥವಾ ಭಾರ, ಅದು ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಎಂದಿಲ್ಲದ ಏದುಸಿರು, ಕಣ್ಣು ಕತ್ತಲೆ ಇವುಗಳಲ್ಲಿ ಒಂದು ಕಂಡರೂ ನಿಲ್ಲಿಸಿ, ಕುಳಿತುಕೊಳ್ಳಿ, ಮನೆಯವರನ್ನು ಕೂಗಿ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಮಲಗಿ, ಸಂಜೆ ಬಂದವರನ್ನು ನಾವು ಬಹಳ ನೋಡಿದ್ದೇವೆ. ವಿಶ್ರಾಂತಿಯಿಂದ ನೋವು ಹೋದರೂ ಅದೇ ದಿನ ಬಂದು ತೋರಿಸಿ, ಮರುದಿನ ಮತ್ತೆ ಯಂತ್ರ ಹತ್ತಿ ಪರೀಕ್ಷೆ ಮಾಡಬೇಡಿ. ಬಾಗಿಲ ಚಿಲಕ ಹಾಕಿಕೊಂಡು ಒಬ್ಬರೇ ವ್ಯಾಯಾಮ ಮಾಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಹಿಂದಿನ ಸಾಲಿನಿಂದ ತಾಯಿಯೊಬ್ಬರು ಕೈಯೆತ್ತಿದ್ದಾರೆ. "ನಮ್ಮನ್ಯಾಗ ಮಷಿನ್ನೂ ಇಲ್ಲ, ಇಡಾಕ ಜಾಗಾನೂ ಇಲ್ರೀ" ಎನ್ನುತ್ತಿದ್ದಾರೆ. ಕುರ್ಚಿ ಇದೆಯಲ್ಲವೇ ತಾಯಿ? ಗಾಲಿ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಕೈ ಊರದೆ ಮೆಲ್ಲಗೆ ಏಳಿ, ಮೆಲ್ಲಗೆ ಕುಳಿತುಕೊಳ್ಳಿ. ಮೊದಲ ದಿನ ಐದು ಸಲ ಸಾಕು. ಕೈ ಊರದೆ ಏಳಲು ಆಗದಿದ್ದರೆ ಮೊದಮೊದಲು ಊರಿಕೊಂಡೇ ಏಳಿ. ಬರುವ ತಿಂಗಳು ಎಷ್ಟಾಯಿತೆಂದು ನನಗೆ ಹೇಳಬೇಕು. ಯಂತ್ರ ಇರುವವರು ಬರುವಾಗ ಮಾತ್ರೆಯ ಚೀಟಿಯನ್ನೂ, ಯಂತ್ರ ಇಟ್ಟ ಕೋಣೆಯ ಒಂದು ಫೋಟೋವನ್ನೂ ಮೊಬೈಲಿನಲ್ಲಿ ತನ್ನಿ. ನೋಡಿ ಹೇಳುತ್ತೇನೆ.