ಪೊಲೀಸರಿಗೆ ಬೇಕಾದ ಇನ್ನೊಂದು ತರಬೇತಿ



ಮಗ ಚೂರಿ ಹಿಡಿದು ತನ್ನ ಮೈಯನ್ನೇ ಕೊಯ್ದುಕೊಳ್ಳುತ್ತಿದ್ದಾನೆ. ತಾಯಿ ಯಾರನ್ನು ಕರೆಯಬೇಕು? 1987ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೆಂಫಿಸ್ ನಗರದ ಒಬ್ಬ ತಾಯಿ ಪೊಲೀಸರನ್ನು ಕರೆದರು. ಮಗನಿಗೆ 27 ವರ್ಷ, ಮಾನಸಿಕ ಕಾಯಿಲೆಯಿತ್ತು. ಚೂರಿ ಕೆಳಗೆ ಹಾಕೆಂದು ಪೊಲೀಸರು ಆಜ್ಞಾಪಿಸಿದರು. ಅವನು ಇನ್ನಷ್ಟು ಕೆರಳಿ ಅವರತ್ತ ನುಗ್ಗಿದ. ಗುಂಡು ಹಾರಿತು. ಸಹಾಯಕ್ಕೆಂದು ಕರೆದವರ ಕೈಯಲ್ಲೇ ಮಗ ಸತ್ತ.

ಆ ಪೊಲೀಸರನ್ನು ಕ್ರೂರಿಗಳೆಂದು ನಾನು ಹೇಳುವುದಿಲ್ಲ. ಅವರು ಕಲಿತದ್ದನ್ನೇ ಮಾಡಿದರು. ಗದರಿ ಹೇಳು, ಮಣಿಯದಿದ್ದರೆ ಬಲ ಬಳಸು. ಕಳ್ಳನಿಗೆ ಈ ಪಾಠ ಸರಿಯಿರಬಹುದು. ಸುತ್ತಲಿನವರೆಲ್ಲ ತನ್ನನ್ನು ಕೊಲ್ಲಲು ಬಂದಿದ್ದಾರೆಂದು ನಂಬಿರುವ ರೋಗಿಗೆ ಆ ಗದರಿಕೆ, ಆ ಸಮವಸ್ತ್ರ, ಎಲ್ಲವೂ ಅವನ ಭಯ ನಿಜವೆಂಬುದಕ್ಕೆ ಸಾಕ್ಷಿಯಾಗಿ ಕಾಣುತ್ತವೆ.

ಮರುವರ್ಷ, 1988ರಲ್ಲಿ, ಮೆಂಫಿಸ್ ಪೊಲೀಸರು ವಿಶ್ವವಿದ್ಯಾಲಯದವರನ್ನೂ ರೋಗಿಗಳ ಕುಟುಂಬದವರನ್ನೂ ಜೊತೆಗೆ ಕೂರಿಸಿಕೊಂಡು ಒಂದು ತಂಡ ಕಟ್ಟಿದರು. ತಾವಾಗಿ ಮುಂದೆ ಬಂದವರಿಗೆ 40 ಗಂಟೆಗಳ ತರಬೇತಿ. ದೂರ ನಿಲ್ಲಬೇಕು. ಒಬ್ಬರೇ ಮಾತಾಡಬೇಕು, ದನಿ ತಗ್ಗಿಸಿ, ಸಣ್ಣ ವಾಕ್ಯಗಳಲ್ಲಿ. ಹೆಸರು ಕೇಳಬೇಕು. ಅವನಿಗೆ ಕೇಳಿಸುವ ದನಿಗಳು ಸುಳ್ಳೆಂದು ವಾದಿಸಬಾರದು, ನಿಜವೆಂದು ತಲೆಯಾಡಿಸಲೂಬಾರದು. ಎಲ್ಲಕ್ಕಿಂತ ಕಷ್ಟದ್ದು, ಅವಸರ ಮಾಡದಿರುವುದು. ಈ ಪಾಠಗಳನ್ನು ಪುಸ್ತಕದಲ್ಲಿ ಓದಿಸಿ ಬಿಡಲಿಲ್ಲ. ಸನ್ನಿವೇಶಗಳನ್ನು ಅಭಿನಯಿಸಿ ಅಭ್ಯಾಸ ಮಾಡಿಸಿದರು, ರೋಗಿಗಳೊಡನೆ ಕೂರಿಸಿ ಮಾತಾಡಿಸಿದರು. ಪೊಲೀಸರು ಕರೆತಂದವರನ್ನು ತಿರಸ್ಕರಿಸದೆ ದಾಖಲಿಸಿಕೊಳ್ಳುವ ಆಸ್ಪತ್ರೆಯನ್ನೂ ಗೊತ್ತು ಮಾಡಿದರು. ನನ್ನ ಮಟ್ಟಿಗೆ ಇದು ತರಬೇತಿಯಷ್ಟೇ ದೊಡ್ಡ ಮಾತು. ಒಯ್ಯಲು ಜಾಗವಿಲ್ಲದಿದ್ದರೆ ಎಷ್ಟು ಕಲಿತ ಪೊಲೀಸನಿಗೂ ಕೊನೆಗೆ ನೆನಪಾಗುವುದು ಲಾಕಪ್ಪೇ.

ನಮ್ಮ ದೇಶದಲ್ಲಿ? ಕಾನೂನು ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 100ನೇ ಕಲಂ ಪ್ರಕಾರ, ಮಾನಸಿಕ ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು, ತಮಗೋ ಇತರರಿಗೋ ಅಪಾಯ ತಂದುಕೊಳ್ಳಬಹುದಾದವರನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಳ್ಳಬೇಕು. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಒಯ್ಯಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಿಡುವಂತಿಲ್ಲ. ಮನೆಮಠವಿಲ್ಲದವರಾದರೆ ನಾಪತ್ತೆ ದೂರು ದಾಖಲಿಸಿ ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದ್ದೇ. ಪೊಲೀಸರಿಗೆ ಕಾಲಕಾಲಕ್ಕೆ ಈ ಬಗ್ಗೆ ತಿಳಿವಳಿಕೆ ನೀಡಬೇಕೆಂದು 30ನೇ ಕಲಂ ಸರ್ಕಾರಕ್ಕೆ ಹೇಳುತ್ತದೆ. ನಿಮ್ಮಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರು ಈ ಎರಡು ಕಲಂಗಳನ್ನು ಅಂಕಕ್ಕಾಗಿ ಅಲ್ಲದಿದ್ದರೂ ಓದಿಟ್ಟುಕೊಳ್ಳಿ.

ಇನ್ನು ಪೋಷಕರಿಗೆ ಒಂದು ಮಾತು. ಅಂಥ ರಾತ್ರಿಯಲ್ಲಿ ನಾವು ಫೋನಿನಲ್ಲಿ ಹೇಳುವುದೇನು? ‘ಹುಡುಗ ಗಲಾಟೆ ಮಾಡ್ತಿದ್ದಾನೆ, ಬೇಗ ಬನ್ನಿ.’ ಕಾಯಿಲೆಯ ವಿಷಯ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ನೆರೆಯವರಿಗೆ ಗೊತ್ತಾದರೆ ಎಂಬ ಅಂಜಿಕೆ. ಬರುವ ಪೊಲೀಸರು ಗಲಾಟೆ ಅಡಗಿಸಲೆಂದೇ ಬರುತ್ತಾರೆ, ಅದರಲ್ಲಿ ಅವರ ತಪ್ಪೆಷ್ಟು? 112ಕ್ಕೆ ಕರೆ ಮಾಡುವುದಾದರೆ ಮೊದಲ ವಾಕ್ಯದಲ್ಲೇ ಕಾಯಿಲೆಯ ಮಾತು ಹೇಳಿ. ಯಾವ ಮಾತ್ರೆ, ಬಿಟ್ಟು ಎಷ್ಟು ದಿನವಾಯಿತು, ಕೈಯಲ್ಲಿ ಏನಿದೆ, ಯಾರ ಮಾತು ಕೇಳುತ್ತಾನೆ ಎಂಬುದನ್ನೂ ಹೇಳಿ. ಅಷ್ಟು ಕೈಮೀರುವ ಮೊದಲೇ ಆದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಹಗಲಾಗಲಿ ರಾತ್ರಿಯಾಗಲಿ. ಕನ್ನಡದಲ್ಲೇ ಮಾತಾಡುತ್ತಾರೆ.