ಪಥ್ಯವೂ ಪಥವೂ

ಪಥ್ಯ ಎಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರ ಮುಖ ಬಾಡುತ್ತದೆ. ಉಪ್ಪು ಹುಳಿ ಖಾರಗಳಿಲ್ಲದ ಗಂಜಿ, ಮನೆಯವರೆಲ್ಲ ಹೋಳಿಗೆ ಉಣ್ಣುವಾಗ ತಾನೊಬ್ಬನೇ ನೋಡುತ್ತ ಕೂರುವ ಶಿಕ್ಷೆ, ಇದೇ ಪಥ್ಯವೆಂಬ ಭಾವನೆ ಬೇರೂರಿಬಿಟ್ಟಿದೆ. ಆದರೆ ಪದದ ಹುಟ್ಟನ್ನು ನೋಡಿದರೆ ಬೇರೊಂದು ಅರ್ಥ ತೋರುತ್ತದೆ. ಪಥ ಎಂದರೆ ದಾರಿ. ದಾರಿಯನ್ನು ಬಿಟ್ಟು ಅಗಲದೆ ಇರುವುದು ಪಥ್ಯ ಎಂದು ವೈಯಾಕರಣರು ವಿವರಿಸುತ್ತಾರೆ. ಊಟದ ನಿಯಮಕ್ಕೂ ನಡೆಯುವ ದಾರಿಗೂ ಒಂದೇ ಮೂಲಪದ ಒದಗಿರುವುದು ನನ್ನಂತಹ ಕನ್ನಡ ಮೇಷ್ಟರಿಗೆ ಸಂತೋಷದ ಸಂಗತಿ. ಮೈತೂಕವನ್ನು ಇಳಿಸಿ ಆರೋಗ್ಯವನ್ನು ಉಳಿಸಿಕೊಳ್ಳಬೇಕೆನ್ನುವವರು ಇವೆರಡನ್ನೂ ಜೊತೆಯಾಗಿ ಹಿಡಿಯಬೇಕು ಎಂಬುದೇ ಇಂದಿನ ನನ್ನ ಮಾತಿನ ಸಾರ.

ನಾನು ತೀರ್ಥಹಳ್ಳಿಯವನು. ನಮ್ಮ ಮಲೆನಾಡಿನಲ್ಲಿ ಹಿಂದಿನವರು ಯಾರೂ ನಡಿಗೆಯನ್ನು ವ್ಯಾಯಾಮವೆಂದು ಕರೆದಿರಲಾರರು. ನಮ್ಮ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರು 1967ರಲ್ಲಿ ಪ್ರಕಟಿಸಿದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಓದಿದವರು ಬಲ್ಲರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಆ ಮಲೆನಾಡಿನಲ್ಲಿ ಒಡೆಯರೂ ಆಳುಗಳೂ ಕಾಡುದಾರಿಯಲ್ಲಿ ನಡೆಯುತ್ತಲೇ ಇರುತ್ತಾರೆ. ಎಲ್ಲಿಂದಲೋ ಬಂದ ಒಂದು ಬೈಸಿಕಲ್ಲು ಸುತ್ತಿನವರಿಗೆಲ್ಲ ಅದ್ಭುತವಾಗಿ ಕಾಣುತ್ತದೆ. ಗುಡ್ಡ ಹತ್ತಿ, ಗದ್ದೆಗಿಳಿದು, ಸೊಪ್ಪಿನ ಹೊರೆ ಹೊತ್ತು ಬಂದ ಮೈಗೆ ಹೊಟ್ಟೆತುಂಬ ಕಡುಬು, ಅಕ್ಕಿರೊಟ್ಟಿ, ಅನ್ನ ಬೇಕೇ ಆಗಿತ್ತು. ಇಂದೋ, ಅಂಗಳದವರೆಗೆ ರಸ್ತೆ ಬಂದಿದೆ; ಅಂಗಳದಲ್ಲಿ ಸ್ಕೂಟರು ನಿಂತಿದೆ. ಆದರೆ ಎಲೆಯ ಮೇಲಿನ ಅನ್ನ ಮಾತ್ರ ಹಳೆಯ ಅಳತೆಯದೇ. ಕಾಲಿಗೆ ನಿವೃತ್ತಿ ಕೊಟ್ಟ ನಾವು ತಟ್ಟೆಗೆ ಅದನ್ನು ಕೊಡಲು ಮರೆತಿದ್ದೇವೆ.

ಇದರ ಫಲವೇನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಈ ಹೊಸ್ತಿಲಲ್ಲಿ ನಿಂತವರು ಒಳಗೆ ಹೋಗದಂತೆ ತಡೆಯುವುದು ಬಹುಮಟ್ಟಿಗೆ ಅವರ ಕೈಯಲ್ಲಿಯೇ ಇದೆ. ಅದಕ್ಕಾಗಿಯೇ ಈ ವಿಷಯವನ್ನು ಕೇವಲ ಚೆಲುವಿಕೆಯ ಮಾತೆಂದು ತಳ್ಳಿಹಾಕಲಾಗದು.

ಈಗ ಸ್ವಲ್ಪ ಲೆಕ್ಕ ನೋಡೋಣ. ಆಹಾರದ ಶಕ್ತಿಯನ್ನು ಅಳೆಯುವ ಮಾನಕ್ಕೆ ಕ್ಯಾಲೊರಿ ಎನ್ನುತ್ತಾರೆ. ಅರುವತ್ತು ಕಿಲೋ ತೂಕದ ಒಬ್ಬರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ ವ್ಯಯವಾಗುವುದು ಸುಮಾರು 200 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿರುವುದು ಸುಮಾರು 120. ದಿನಕ್ಕೆ 4 ಲೋಟ ಕಾಫಿ ಕುಡಿದು, ಲೋಟಕ್ಕೆ 2 ಚಿಕ್ಕ ಚಮಚ ಸಕ್ಕರೆ ಬೆರೆಸಿದರೆ 40 ಗ್ರಾಂ ಸಕ್ಕರೆ, ಅಂದರೆ 160 ಕ್ಯಾಲೊರಿ. ಮುಕ್ಕಾಲು ಗಂಟೆಯ ನಡಿಗೆ ಕಾಫಿಯ ಸಕ್ಕರೆಯೊಂದಕ್ಕೇ ತೀರಿತು! ಬೆಳಗ್ಗೆ ಎದ್ದು ತುಂಗೆಯ ಸೇತುವೆ ದಾಟಿ ನಡೆದು, ಹಿಂದಿರುಗುವಾಗ ಹೋಟೆಲಿನಲ್ಲಿ ಮಸಾಲೆದೋಸೆ ತಿಂದು ಮನೆ ಸೇರುವ ಮಹನೀಯರು ತೂಕ ಇಳಿಯಲಿಲ್ಲವೆಂದು ನಡಿಗೆಯನ್ನು ದೂರುವುದು ನ್ಯಾಯವೆ?

ಹಾಗಾದರೆ ಊಟವನ್ನಷ್ಟೇ ಬಿಟ್ಟರೆ ಸಾಲದೆ ಎಂದು ಕೆಲವರು ಕೇಳಬಹುದು. ಇದು ಇನ್ನೂ ಅಪಾಯದ ದಾರಿ. ಏಕಾಏಕಿ ಉಪವಾಸ ಬಿದ್ದವರಲ್ಲಿ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ಐವತ್ತು ದಾಟಿದವರಿಗೆ ಹಾಗೆ ಕರಗಿದ್ದು ಮರಳಿ ಬರುವುದು ಕಷ್ಟ. ನಿಶ್ಶಕ್ತಿ ಬರುತ್ತದೆ, ಹಸಿವು ಸೇಡು ತೀರಿಸಿಕೊಳ್ಳುತ್ತದೆ, ಇಳಿದ ತೂಕ ಬಡ್ಡಿ ಸಮೇತ ಹಿಂದಿರುಗುತ್ತದೆ. ತೂಕವನ್ನು ಇಳಿಸುವುದರಲ್ಲಿ ಊಟದ ಪಾಲು ದೊಡ್ಡದು. ಇಳಿದದ್ದು ಮತ್ತೆ ಏರದಂತೆ ಕಾಯುವುದರಲ್ಲಿ, ಹೃದಯವನ್ನೂ ರಕ್ತದ ಸಕ್ಕರೆಯನ್ನೂ ಹದದಲ್ಲಿಡುವುದರಲ್ಲಿ ನಡಿಗೆಯ ಪಾಲು ದೊಡ್ಡದು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಎಂಬತ್ತು ಕಿಲೋ ತೂಗುವವರು ನಾಲ್ಕೈದು ಕಿಲೋ ಇಳಿಸಿದರೂ ದೇಹಕ್ಕೆ ಉಪಕಾರವುಂಟು.

ತಕ್ಕಡಿಯ ಮುಳ್ಳು ಕದಲಲಿಲ್ಲವೆಂದು ನಿರಾಶರಾಗುವವರಿಗೆ ಒಂದು ಸಮಾಧಾನದ ಮಾತನ್ನು ಹೇಳಬೇಕು. ಚೆನ್ನೈಯಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ಮೂರು ವರ್ಷಗಳ ಲೆಕ್ಕದಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂದಿತು. ಊಟದ ಹಿತಮಿತವನ್ನೂ ದಿನನಿತ್ಯದ ನಡಿಗೆಯನ್ನೂ ಹಿಡಿದವರಲ್ಲಿ ಅದು ನೂರಕ್ಕೆ 39ಕ್ಕೆ ಇಳಿಯಿತು. ವಿಶೇಷವೆಂದರೆ, ಈ ಎರಡನೆಯವರ ಮೈತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಹೊರಗೆ ಕಾಣದಿದ್ದರೂ ಒಳಗೆ ಲಾಭವಾಗುತ್ತಲೇ ಇತ್ತು.

ಇನ್ನು ಎಲೆಯ ಮೇಲೆ ಏನಿರಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಸೂಚನೆಗಳಲ್ಲಿ, ದಿನಕ್ಕೆ 2000 ಕ್ಯಾಲೊರಿ ಬೇಕಾಗುವವರಿಗೆ ಅಕ್ಕಿ ರಾಗಿ ಗೋಧಿಗಳೆಲ್ಲ ಸೇರಿ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ ಮಾಂಸಗಳು 85 ಗ್ರಾಂ ಎಂದಿದೆ. ಇವು ಬೇಯಿಸುವುದಕ್ಕೆ ಮೊದಲಿನ ತೂಕ. ಧಾನ್ಯಕ್ಕಿಂತ ತರಕಾರಿಯೇ ಹೆಚ್ಚು ಎಂಬುದನ್ನು ಗಮನಿಸಿ. ನಮ್ಮ ಎಲೆಯ ಮೇಲೆ ಇದು ತಲೆಕೆಳಗಾಗಿದೆ. ಇದಕ್ಕಾಗಿ ಪರದೇಶದ ಪದಾರ್ಥಗಳನ್ನು ಹುಡುಕಬೇಕಾಗಿಲ್ಲ. ಹರಿವೆ, ಬಸಳೆ, ಬಾಳೆಹೂವು, ಮುಳ್ಳುಸೌತೆ, ಒಂದೆಲಗದ ತಂಬುಳಿ, ಹುರುಳಿ ಸಾರು ಇವೆಲ್ಲ ನಮ್ಮ ಹಿತ್ತಿಲಿನ, ನಮ್ಮ ಅಡುಗೆಮನೆಯ ಸಂಪತ್ತು. ಮೂರು ಸೌಟು ಅನ್ನ ಹಾಕಿಕೊಳ್ಳುವವರು ಎರಡಕ್ಕೆ ಇಳಿಸಿ, ಆ ಜಾಗವನ್ನು ಪಲ್ಯಕ್ಕೂ ಹುರುಳಿಗೂ ಕೊಡಲಿ. ಹಲಸಿನ ಹಪ್ಪಳ ಹಬ್ಬಕ್ಕಿರಲಿ. ಅಪ್ಪೆಮಿಡಿ ನಮ್ಮ ಸೀಮೆಯ ಹೆಮ್ಮೆಯೇನೋ ಸರಿ, ಆದರೆ ದಿನಕ್ಕೆ 5 ಗ್ರಾಂ ಉಪ್ಪು ಸಾಕೆನ್ನುವಾಗ ಒಂದು ಮಿಡಿಯನ್ನು ಎರಡು ಹೊತ್ತಿಗೆ ಹಂಚಿಕೊಳ್ಳುವುದು ಲೇಸು.

ಹೆಂಗಸರ ವಿಷಯವನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕಾಗಿದೆ. ಎಲ್ಲರ ಊಟವಾದ ಮೇಲೆ, ಉಳಿದದ್ದನ್ನು ಚೆಲ್ಲಬಾರದೆಂದು ತಿನ್ನುವ ತಾಯಂದಿರು ಪ್ರತಿ ಮನೆಯಲ್ಲಿಯೂ ಇದ್ದಾರೆ. ದಿನವೆಲ್ಲ ಒಳಗೆ ಹೊರಗೆ ಓಡಾಡಿದರೂ ಒಂದೇ ಸಮನೆ ಬಿರುಸಾಗಿ ನಡೆಯುವ ಅರ್ಧ ಗಂಟೆ ಅವರಿಗೆ ದೊರೆಯುವುದಿಲ್ಲ. ಹೊರಟರೆ, ಕೆಲಸವಿಲ್ಲದೆ ತಿರುಗುತ್ತಾಳೆಂಬ ಮಾತು ಬೇರೆ. ಆ ಅರ್ಧ ಗಂಟೆ ಒಲೆಯ ಬಳಿ ನಿಲ್ಲುವ ಗಂಡಸೇ ಆ ಮನೆಯ ನಿಜವಾದ ವೈದ್ಯ.

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಷ್ಟು ಬಿರುಸು? ನಡೆಯುವಾಗ ಮಾತನಾಡಲು ಬರಬೇಕು, ಹಾಡಲು ಬರಬಾರದು. ಆದರೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ನೆರೆಯವರಾದ ನಾವು ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಏನು ಮಾಡೋಣ? ಪಾಚಿಗಟ್ಟಿದ ದಾರಿಯಲ್ಲಿ ಕಾಲು ಜಾರಿ ಸೊಂಟ ಮುರಿದುಕೊಳ್ಳುವುದು ಬೇಡ. ಹತ್ತು ಮೀಟರ್ ಉದ್ದದ ಜಗಲಿಯನ್ನು ನೂರು ಸಲ ಅಳೆದರೆ ಒಂದು ಕಿಲೋಮೀಟರ್ ಆಯಿತು. ಊಟವಾದ ಮೇಲೆ ಹತ್ತು ನಿಮಿಷ ಹಾಗೆ ನಡೆದರೆ ರಕ್ತದಲ್ಲಿ ಸಕ್ಕರೆ ಏರುವ ಭರವೂ ತಗ್ಗುತ್ತದೆ.

ಕೊನೆಯದಾಗಿ ಎಚ್ಚರಿಕೆಯ ಎರಡು ಮಾತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ನಡೆಯುವಾಗ ಎದೆ ಹಿಡಿದಂತಾದರೆ, ಕಣ್ಣು ಕತ್ತಲಿಟ್ಟರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಮನೆಯಲ್ಲಿ ತಕ್ಕಡಿ ಇಲ್ಲವೆಂದು ಯಾರೂ ಚಿಂತಿಸಬೇಕಾಗಿಲ್ಲ. ಒಂದು ದಾರವನ್ನು ಹೊಕ್ಕುಳ ಮಟ್ಟಕ್ಕೆ ಸುತ್ತಿ, ಗಂಟು ಹಾಕಿ ಗುರುತಿಟ್ಟುಕೊಳ್ಳಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರಿಗಿಂತ ಅದು ಉದ್ದವಾಗಿದ್ದರೆ ಎಚ್ಚರಗೊಳ್ಳುವ ಸಮಯ ಬಂದಿತೆಂದು ತಿಳಿಯಿರಿ. ಮೂರು ತಿಂಗಳ ಮೇಲೆ ಅದೇ ದಾರವನ್ನು ಮತ್ತೆ ಸುತ್ತಿ ನೋಡಿ. ಅಲ್ಲಿಯವರೆಗೆ, ರೇಡಿಯೋದಲ್ಲಿ ವಾರ್ತೆ ಆರಂಭವಾದಾಗಲೆಲ್ಲ ಕುರ್ಚಿಯಿಂದ ಎದ್ದು, ಜಗಲಿಯಲ್ಲಿ ನಡೆಯುತ್ತ ಕೇಳುವ ಅಭ್ಯಾಸ ಮಾಡಿಕೊಳ್ಳಿ.